ಮೊಟ್ಟೆ ಇಡದ ಕೋಳಿಗೆ ಔಷಧಿ ಕುಡಿಸುವ ಮೊದಲು ಹೊಟ್ಟೆ ಮುಟ್ಟಿ ನೋಡಿ

"ಡಾಕ್ಟ್ರೇ, ಕೋಳಿ ಮೊಟ್ಟೆ ಇಡೋದು ನಿಲ್ಸಿದೆ, ಕ್ಯಾಲ್ಸಿಯಂ ಬಾಟ್ಲಿ ಇದ್ರೆ ಕೊಡಿ." ಹಿತ್ತಲಲ್ಲಿ ಐದಾರು ಕೋಳಿ ಸಾಕಿದವರು ಪಶು ಆಸ್ಪತ್ರೆಗೆ ಬಂದು ಕೇಳುವುದು ಬಹುಪಾಲು ಇದನ್ನೇ. ಕೋಳಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಮೊಟ್ಟೆ ಇಡದ ಕೋಳಿ, ಇಡಲಾಗದೆ ಒದ್ದಾಡುತ್ತಿರುವ ಕೋಳಿ, ಬೇಲಿ ಸಂದಿಯಲ್ಲಿ ಕದ್ದು ಇಟ್ಟು ಬರುವ ಕೋಳಿ, ಮೂರಕ್ಕೂ ದೂರು ಒಂದೇ. ಮಾಡಬೇಕಾದ್ದು ಮಾತ್ರ ಬೇರೆ ಬೇರೆ. ಯಾವುದು ಯಾವುದೆಂದು ತಿಳಿಯಲು ಬಾಟಲಿ ಬೇಡ, ಎರಡು ಬೆರಳು ಸಾಕು.

ಸಂಜೆ ಗೂಡು ಸೇರಿದ ಮೇಲೆ ಹಿಡಿದರೆ ಕೋಳಿ ಗಲಾಟೆ ಮಾಡುವುದಿಲ್ಲ. ತಲೆ ನಿಮ್ಮ ಬೆನ್ನಿನ ಕಡೆ ಬರುವಂತೆ ಎಡಗಂಕುಳಲ್ಲಿ ಹಿಡಿದುಕೊಳ್ಳಿ. ಗುದದ ಕೆಳಗೆ ಎಡಕ್ಕೊಂದು ಬಲಕ್ಕೊಂದು ಚೂಪಾದ ಮೂಳೆಯ ತುದಿ ಕೈಗೆ ಸಿಗುತ್ತದೆ. ಎರಡರ ನಡುವೆ ಎರಡು ಮೂರು ಬೆರಳು ಅಡ್ಡಡ್ಡಲಾಗಿ ಸಲೀಸಾಗಿ ಹಿಡಿಸಿದರೆ ಅದು ಮೊಟ್ಟೆಯಿಡುತ್ತಿರುವ ಹೇಂಟೆ. ಒಂದೇ ಬೆರಳಿಗೆ ಜಾಗವಿದ್ದರೆ ಸದ್ಯಕ್ಕೆ ಇಡುತ್ತಿಲ್ಲ. ಗುದವನ್ನೂ ನೋಡಿ: ಅಗಲವಾಗಿ, ಒದ್ದೆಯಾಗಿ, ಬಿಳಿಚಿಕೊಂಡಿದ್ದರೆ ಇಡುತ್ತಿದೆ, ಮುದುಡಿ ಒಣಗಿದ್ದರೆ ಇಲ್ಲ.

ಮೂಳೆ ಅಗಲವಿದೆ, ಜುಟ್ಟು ಕೆಂಪಗಿದೆ, ಓಡಾಟ ಚುರುಕು, ಆದರೂ ಬುಟ್ಟಿಯಲ್ಲಿ ಮೊಟ್ಟೆ ಇಲ್ಲ ಅಂದರೆ ಹುಡುಕಬೇಕಾದ್ದು ಬಣವೆ ಸಂದಿ, ಸೌದೆ ರಾಶಿ, ಬಾಳೆಬುಡ. ನಾಲ್ಕು ದಿನ ಮಧ್ಯಾಹ್ನದವರೆಗೆ ಗೂಡಿನಿಂದ ಬಿಡಬೇಡಿ, ಗುಟ್ಟು ರಟ್ಟಾಗುತ್ತದೆ. ಬುಟ್ಟಿಯ ಹುಲ್ಲು ಅಂಟಂಟಾಗಿ, ಕೊಕ್ಕಿಗೆ ಹಳದಿ ಮೆತ್ತಿದ್ದರೆ ತಾನಿಟ್ಟದ್ದನ್ನು ತಾನೇ ತಿನ್ನುತ್ತಿದೆ.

ಮೂಳೆ ಕೂಡಿಕೊಂಡಿದ್ದರೆ ಕಾರಣ ಸಾಮಾನ್ಯವಾಗಿ ಸರಳ. ಗರಿ ಉದುರುವ ಕಾಲದಲ್ಲಿ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುತ್ತದೆ, ಅದು ರೋಗವಲ್ಲ. ನಾಟಿ ಕೋಳಿ ಹದಿನೈದಿಪ್ಪತ್ತು ಮೊಟ್ಟೆ ಇಟ್ಟು ಕಾವಿಗೆ ಕೂರುವುದು ಅದರ ಸ್ವಭಾವ. ಮರಿ ಬೇಡವಾದರೆ ಅಡಿಯಿಂದ ಗಾಳಿಯಾಡುವ ತಂತಿಬಲೆಯ ಪಂಜರದಲ್ಲಿ, ಹುಲ್ಲು ಹಾಕದೆ, ನೀರು ಮೇವು ಇಟ್ಟು ಮೂರು ನಾಲ್ಕು ದಿನ ಕೂಡಿಹಾಕಿ. ಹೊಟ್ಟೆ ತಣ್ಣಗಾದರೆ ಕಾವು ಬಿಡುತ್ತದೆ. ಮೂಗಿಗೆ ಗರಿ ಚುಚ್ಚುವ ಹಳೇ ಪದ್ಧತಿ ಬೇಕಿಲ್ಲ. ಇನ್ನು ಜಂತುಹುಳು, ನೀರಿನ ಕೊರತೆ, ವಯಸ್ಸು. ಬೇಸಿಗೆಯಲ್ಲಿ ನೀರಿನ ಬೋಗುಣಿ ಅರ್ಧ ದಿನ ಬರಿದಾಗಿದ್ದರೂ ಮುಂದಿನ ಕೆಲವು ದಿನ ಮೊಟ್ಟೆ ತಪ್ಪುತ್ತದೆ.

ನಿಜವಾಗಿ ಅವಸರ ಮಾಡಬೇಕಾದ್ದು ಮೊಟ್ಟೆ ಒಳಗೇ ಸಿಕ್ಕಿಕೊಂಡಾಗ. ಕೋಳಿ ಎದೆ ಮೇಲೆತ್ತಿ, ಬಾಲ ಕೆಳಗೆ ಬಿಟ್ಟು, ಕಾಲು ಅಗಲಿಸಿ ನೆಟ್ಟಗೆ ನಿಲ್ಲುತ್ತದೆ. ಬಾಲ ಮೇಲೆ ಕೆಳಗೆ ಮಿಡಿಯುತ್ತಿರುತ್ತದೆ. ಬುಟ್ಟಿಗೆ ಹೋಗಿ ಕೂತು ಏನೂ ಇಡದೆ ಎದ್ದು ಬರುತ್ತದೆ, ಮತ್ತೆ ಹೋಗುತ್ತದೆ. ಮೇವು ಬಿಡುತ್ತದೆ, ಹಿಕ್ಕೆ ಕಡಿಮೆಯಾಗುತ್ತದೆ. ಕೊನೆಗೆ ಕಾಲಿನ ನರದ ಮೇಲೆ ಮೊಟ್ಟೆ ಒತ್ತಿ ಕುಂಟುವುದೂ ಉಂಟು. ಇಂಥ ಕೋಳಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಕಾಲಾವಕಾಶವಿಲ್ಲ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಹೊಟ್ಟೆಯಲ್ಲಿ ಗಟ್ಟಿ ಮೊಟ್ಟೆ ಕೈಗೆ ಸಿಕ್ಕಿತು ಅಂದ ಮಾತ್ರಕ್ಕೆ ಅದು ಸಿಕ್ಕಿಕೊಂಡಿದೆ ಅಂತಲ್ಲ. ಮೊಟ್ಟೆ ತಯಾರಾಗಲು ಹಿಡಿಯುವ ಸುಮಾರು 25 ಗಂಟೆಯಲ್ಲಿ 20 ಗಂಟೆಯಷ್ಟು ಅದು ಚಿಪ್ಪು ಕಟ್ಟುವ ಗರ್ಭಕೋಶದಲ್ಲೇ ಇರುತ್ತದೆ. ಆರೋಗ್ಯದ ಕೋಳಿಯ ಹೊಟ್ಟೆ ಒತ್ತಿದರೂ ಸಿಗುತ್ತದೆ. ತಿಣುಕುವಿಕೆ, ಮಂಕು, ಮೇವು ಬಿಟ್ಟಿರುವುದು ಜೊತೆಗಿದ್ದರೆ ಮಾತ್ರ ತೊಂದರೆ. ಎರಡನೆಯದು ಇದರ ತಿರುಗುಮುರುಗು: ಚಿಪ್ಪಿಲ್ಲದ ತೊಗಲು ಮೊಟ್ಟೆ ಸಿಕ್ಕಿಕೊಂಡಿದ್ದರೆ ಕೈಗೆ ಏನೂ ಹತ್ತುವುದಿಲ್ಲ. ಗರ್ಭಕೋಶದ ಸ್ನಾಯುವಿಗೆ ಒತ್ತಲು ಗಟ್ಟಿ ಮೇಲ್ಮೈ ಇಲ್ಲದ್ದರಿಂದ ಅದು ಜಾರಿ ಹೊರಬರುವುದೂ ಕಷ್ಟ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಬಕೆಟ್ಟಿನಲ್ಲಿ 38ರಿಂದ 40 ಡಿಗ್ರಿಯ ನೀರು, ಅಂದರೆ ಮೊಣಕೈ ಅದ್ದಿದರೆ ಹಿತವೆನಿಸುವ ಬಿಸಿ. ಗುದ ಮತ್ತು ಹೊಟ್ಟೆ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಿ, ನೀರು ಆರಿದಂತೆ ಬಿಸಿನೀರು ಬೆರೆಸುತ್ತಿರಿ. ಮೊದಲೆರಡು ನಿಮಿಷ ಕೊಸರಾಡಿ ಆಮೇಲೆ ಕಣ್ಣು ಮುಚ್ಚಿಕೊಂಡು ಕೂರುತ್ತದೆ. ತೆಗೆದ ಮೇಲೆ ಟವೆಲ್ಲಿನಿಂದ ಪೂರ್ತಿ ಒರೆಸಿ. ಒದ್ದೆ ಕೋಳಿಯನ್ನು ಗಾಳಿಗೆ ಬಿಟ್ಟರೆ ಮಾಡಿದ ಉಪಕಾರವೆಲ್ಲ ಹಾಳು. ಕೈಗವಸು ಹಾಕಿ, ಕಿರುಬೆರಳಿಗೆ ಲಿಕ್ವಿಡ್ ಪ್ಯಾರಾಫಿನ್ ಅಥವಾ ಕೊಬ್ಬರಿ ಎಣ್ಣೆ ಸವರಿ ಗುದದ ಒಳ ಅಂಚಿಗೆ ಹಚ್ಚಿ. ಆಮೇಲೆ ಕತ್ತಲೆಯ, ಬೆಚ್ಚಗಿನ ರಟ್ಟಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಇರುವ ಮಾತ್ರೆ ಒಂದನ್ನು ತುಂಡು ಮಾಡಿ ಕೊಕ್ಕಿನೊಳಗೆ ಇಡಿ. ಕತ್ತು ನಿಲ್ಲದಷ್ಟು ಸುಸ್ತಾದ ಕೋಳಿಗೆ ಯಾವ ದ್ರವವನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಒಂದೆರಡು ಗಂಟೆಯಲ್ಲಿ ಇಡದಿದ್ದರೆ ಇನ್ನೊಮ್ಮೆ ಬಿಸಿನೀರು. ಅದಕ್ಕೂ ಬಗ್ಗದಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ತನ್ನಿ.

ಹೊಟ್ಟೆ ಹಿಸುಕಿ ಮೊಟ್ಟೆ ಹೊರಹಾಕುವ ಧೈರ್ಯ ಮಾತ್ರ ಬೇಡ. ಒಳಗೆ ಒಡೆದರೆ ಚಿಪ್ಪಿನ ಚೂರು ಮೊಟ್ಟೆ ಸಾಗಿಬರುವ ನಾಳವನ್ನು ಗೀರುತ್ತದೆ, ಸೋಂಕು ತಗಲುತ್ತದೆ. ಬೇರೆ ದಾರಿಯೇ ಇಲ್ಲದಾಗ ನಾವು ಮೊಟ್ಟೆ ಕಣ್ಣಿಗೆ ಕಾಣುವಂತಿದ್ದರೆ ದಪ್ಪ ಸೂಜಿಯಿಂದ ಒಳಗಿನದ್ದನ್ನು ಎಳೆದು ತೆಗೆದು, ಚಿಪ್ಪನ್ನು ಮೆಲ್ಲಗೆ ಕುಗ್ಗಿಸಿ ಹೊರತೆಗೆಯುತ್ತೇವೆ. ಹಸು ಹಾಲು ಇಳಿಸಲೆಂದು ಕದ್ದು ಮಾರುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಕೋಳಿಗೂ ಚುಚ್ಚುವವರಿದ್ದಾರೆ. ಮುಂದಿನ ದಾರಿ ತೆರೆಯದೆ ಹಿಂದಿನಿಂದ ನೂಕಿದರೆ ನಾಳ ಹರಿಯುತ್ತದೆ. ನಾವೇ ಕೊಡುವುದಾದರೂ ಮೊಟ್ಟೆ ಎಲ್ಲಿದೆ, ದಾರಿ ಸಡಿಲವಾಗಿದೆಯೇ ಎಂದು ನೋಡಿ, ಕ್ಯಾಲ್ಸಿಯಂ ಕೊಟ್ಟಾದ ಮೇಲೆಯೇ.

ಕ್ಯಾಲ್ಸಿಯಂ ವಿಷಯಕ್ಕೆ ಬಂದರೆ, "ನಮ್ ಕೋಳಿಗೆ ದಿನಾ ರಾಗಿ ಹಾಕ್ತೀವಿ, ಅದ್ರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲ" ಅನ್ನುವ ಮಾತು ಹಳೇ ಮೈಸೂರು ಕಡೆ ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಧಾನ್ಯಗಳಲ್ಲಿ ರಾಗಿಯೇ ಮೇಲು, ನಿಜ: 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಕೋಳಿ ದಿನಕ್ಕೆ ತಿನ್ನುವುದು 100–110 ಗ್ರಾಂ. ಅಷ್ಟೂ ರಾಗಿಯೇ ಆದರೂ ಅರ್ಧ ಗ್ರಾಂ ಕ್ಯಾಲ್ಸಿಯಂ ಸಿಗುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೇ 2 ಗ್ರಾಂ ಹೋಗುತ್ತದೆ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಮೈಗೆ ಹತ್ತುವುದರಿಂದ ಇಡುವ ದಿನ 4 ಗ್ರಾಂ ಬೇಕು. ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಮೊದಲು ಚಿಪ್ಪು ತೆಳುವಾಗಿ, ಆಮೇಲೆ ತೊಗಲು ಮೊಟ್ಟೆ ಬಂದು, ಕೊನೆಗೆ ಮೊಟ್ಟೆ ಸಿಕ್ಕಿಕೊಳ್ಳುವುದು ಹೀಗೆಯೇ. ಸ್ನಾಯು ಒತ್ತಬೇಕಾದರೂ ರಕ್ತದಲ್ಲಿ ಕ್ಯಾಲ್ಸಿಯಂ ಇರಬೇಕಲ್ಲ.

ಕಪ್ಪೆಚಿಪ್ಪಿನ ನುಚ್ಚು ಅಥವಾ ಸುಣ್ಣದಕಲ್ಲಿನ ಹರಳು, ಜೋಳದ ಕಾಳಿಗಿಂತ ಸ್ವಲ್ಪ ಸಣ್ಣದು, ಒಂದು ಕೋಳಿಗೆ 8–10 ಗ್ರಾಂ ಲೆಕ್ಕದಲ್ಲಿ ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಕೋಳಿ ತಾನೇ ಆರಿಸಿ ತಿನ್ನುತ್ತದೆ. ಇಡುವ ಹೊತ್ತು ಸಂಜೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ, ದಪ್ಪ ಹರಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತಾ ಬೆಳಗಿನವರೆಗೆ ಒದಗುತ್ತದೆ. ಹಿಟ್ಟಿನಂಥ ಪುಡಿ ಬೇಗ ಖಾಲಿ. ಮೊಟ್ಟೆ ಚಿಪ್ಪನ್ನೂ ಹುರಿದು ತರಿತರಿಯಾಗಿ ಪುಡಿ ಮಾಡಿ ಕೊಡಬಹುದು. ಎಲೆಯಡಿಕೆಯ ಸುಣ್ಣ ಮಾತ್ರ ಕೊಡಬೇಡಿ, ಬಾಯಿ ಸುಡುತ್ತದೆ. ಲೇಯರ್ ಫೀಡ್ (ಮೊಟ್ಟೆ ಕೋಳಿಗೆಂದೇ ಕ್ಯಾಲ್ಸಿಯಂ ಸೇರಿಸಿದ ಸಿದ್ಧ ಮೇವು) ತಿನ್ನುವ ಕೋಳಿಗೆ ಇದೆಲ್ಲ ಸಾಮಾನ್ಯವಾಗಿ ಬೇಕಿಲ್ಲ. ಅದೇ ಫೀಡನ್ನು ಮರಿಗಳಿಗೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ.

ಕ್ಯಾಲ್ಸಿಯಂ ಸರಿಯಿದ್ದೂ ಮೊಟ್ಟೆ ಸಿಕ್ಕಿಕೊಂಡರೆ ಕೊಬ್ಬು ನೋಡಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜದಂಥ ಭಾರದ ತಳಿಗೆ ಮುಸುಕಿನ ಜೋಳ, ಅನ್ನ ಸುರಿದರೆ ಹೊಟ್ಟೆಯೊಳಗೆ ಕೊಬ್ಬು ಕಟ್ಟಿ ದಾರಿ ಇಕ್ಕಟ್ಟಾಗುತ್ತದೆ. ಮೈ ಹೊರಬರುವುದೂ ಇವುಗಳಲ್ಲಿ ಜಾಸ್ತಿ. ಗುದದಿಂದ ಕೆಂಪು ಮಾಂಸದ ಉಂಡೆ ಹೊರಗೆ ನಿಂತಿದ್ದು ಕಂಡ ಕೂಡಲೇ ಆ ಕೋಳಿಯನ್ನು ಬೇರೆ ಮಾಡಿ, ಇಲ್ಲವಾದರೆ ಉಳಿದವು ಕುಕ್ಕಿ ಕರುಳನ್ನೇ ಎಳೆದು ಹಾಕುತ್ತವೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ. ಊತವಿದ್ದರೆ ಸಕ್ಕರೆ ಉದುರಿಸಿ ಹತ್ತು ನಿಮಿಷ ಬಿಟ್ಟರೆ ನೀರು ಎಳೆದುಕೊಂಡು ಕುಗ್ಗುತ್ತದೆ. ಮತ್ತೆ ತೊಳೆದು, ಎಣ್ಣೆ ಸವರಿದ ಬೆರಳಿನಿಂದ ನಿಧಾನವಾಗಿ ಒಳಗೆ ಸೇರಿಸಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಮೇಲೆ ಒಂದು ವಾರ ದಿನಕ್ಕೆ 8 ಗಂಟೆಗಿಂತ ಹೆಚ್ಚು ಬೆಳಕು ಕಾಣದಂತೆ ಇಟ್ಟರೆ ಮೊಟ್ಟೆ ನಿಂತು ಗಾಯಕ್ಕೆ ಬಿಡುವು ಸಿಗುತ್ತದೆ. ಕಪ್ಪಗಾಗಿದ್ದರೆ, ಹರಿದಿದ್ದರೆ ಮನೆಯಲ್ಲಿ ಕೈಹಾಕಬೇಡಿ.

ಹೊಟ್ಟೆ ನೀರು ತುಂಬಿದ ಬಲೂನಿನಂತೆ ಜೋತುಬಿದ್ದು, ಬಾತುಕೋಳಿಯ ಹಾಗೆ ನಡೆಯುತ್ತಿದ್ದರೆ ಹಳದಿ ಭಾಗ ನಾಳಕ್ಕೆ ಬೀಳದೆ ಹೊಟ್ಟೆಯೊಳಗೆ ಬಿದ್ದು ಕೆಟ್ಟಿದೆ ಎಂದು ಅನುಮಾನಿಸಬೇಕು. ಬಿಸಿನೀರು, ಕ್ಯಾಲ್ಸಿಯಂ ಇದಕ್ಕೆ ನಾಟುವುದಿಲ್ಲ. ನೀರು ತೆಗೆದು ಆಂಟಿಬಯೋಟಿಕ್ ಕೊಟ್ಟರೂ ಬಹಳಷ್ಟು ಕೋಳಿ ಉಳಿಯುವುದಿಲ್ಲ, ಮಾಲೀಕರಿಗೆ ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಒಂದಲ್ಲ, ಗುಂಪಿನ ಅರ್ಧ ಕೋಳಿಗಳು ಒಟ್ಟಿಗೆ ಮೊಟ್ಟೆ ನಿಲ್ಲಿಸಿದರೆ, ಸುಕ್ಕುಗಟ್ಟಿದ ಇಲ್ಲವೇ ಬಣ್ಣಗೆಟ್ಟ ಮೊಟ್ಟೆ ಬಂದರೆ ಅದು ವೈರಸ್ ಕೆಲಸವಿರಬಹುದು: ರಾಣಿಖೇತ್ (ಕೊಕ್ಕರೆ ರೋಗ), ಬ್ರಾಂಕೈಟಿಸ್ (ಉಸಿರಾಟದ ಅಂಟುರೋಗ) ಇತ್ಯಾದಿ. ಹಸಿರು ಹಿಕ್ಕೆ, ಕತ್ತು ತಿರುಚುವುದು, ಸಾವು ಜೊತೆಗಿದ್ದರೆ ಅಂದೇ ತಿಳಿಸಿ, ಒಂದನ್ನೂ ಸಂತೆಗೆ ಒಯ್ಯಬೇಡಿ.

ಆಂಟಿಬಯೋಟಿಕ್ ಅಥವಾ ಜಂತಿನ ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅನ್ನುವುದು ಔಷಧಿಯಿಂದ ಔಷಧಿಗೆ ಬದಲಾಗುತ್ತದೆ. ಚೀಟಿ ಬರೆಸಿಕೊಳ್ಳುವಾಗಲೇ ಆ ದಿನದ ಲೆಕ್ಕವನ್ನೂ ಬರೆಸಿಕೊಳ್ಳಿ, ಅಲ್ಲಿಯವರೆಗೆ ಮೊಟ್ಟೆಯನ್ನು ಮಣ್ಣಿನಲ್ಲಿ ಹೂಳಿ.