ಒಂಬತ್ತು ನಿಮಿಷಕ್ಕೊಂದು ಗುಟುಕು

ಯೆಹೂದಿಗಳ ಪಾಪ ಪರಿಹಾರದ ಉಪವಾಸದ ದಿನವಾದ ಯೋಮ್ ಕಿಪ್ಪೂರ್ ಹತ್ತಿರ ಬಂದಾಗ, ಈ ಸಲ ಸವ್ತಾ ಉಪವಾಸ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಅವರ ಧರ್ಮಗುರು ರಬ್ಬಿಯೂ ಅದನ್ನೇ ಹೇಳಿದರು. ಸವ್ತಾ ಮಾತ್ರ ಒಪ್ಪಲಿಲ್ಲ.

ಹೀಬ್ರೂವಿನಲ್ಲಿ ಅಜ್ಜಿಗೆ ಸವ್ತಾ ಅನ್ನುತ್ತಾರೆ. ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಮೊಮ್ಮಕ್ಕಳಂತೆ ನಾನೂ ಹಾಗೇ ಕರೆಯುತ್ತಿದ್ದೆ. ಉಡುಪಿ, ಮಂಗಳೂರು ಕಡೆಯಿಂದ ಇಸ್ರೇಲಿಗೆ ಹೋಮ್ ನರ್ಸ್ ಕೆಲಸಕ್ಕೆ ಹೋದವರು ಬಹಳ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಎಂಬತ್ತು ದಾಟಿದ್ದ ಸವ್ತಾರಿಗೆ ಸಕ್ಕರೆ ಕಾಯಿಲೆ ಹಳೆಯದು. ಆ ವರ್ಷ, ಅಂದರೆ 2019ರಲ್ಲಿ, ಕಿಡ್ನಿಯೂ ಸೋತಿತ್ತು. ಇಪ್ಪತ್ತೈದು ಗಂಟೆ ನೀರಿಲ್ಲದೆ ಇದ್ದರೆ ಏನಾದೀತು ಎಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಬಾಸೆಲ್ ಮಿಶನ್ ಮನೆತನದವಳು. ರಾತ್ರಿ ಊಟಕ್ಕೆ ಮೊದಲು ಅಜ್ಜ ಕನ್ನಡ ಬೈಬಲ್ ಓದುತ್ತಿದ್ದರು. ಯೋಮ್ ಕಿಪ್ಪೂರ್ ವಿಧಿಗಳಿರುವ ಯಾಜಕಕಾಂಡದ ಹದಿನಾರನೆಯ ಅಧ್ಯಾಯ ಬಂದರೆ ನನಗೆ ನಿದ್ದೆ. ಎರಡು ಹೋತಗಳು, ಚೀಟಿ ಹಾಕಿ ಒಂದನ್ನು ದೇವರಿಗೆ, ಇನ್ನೊಂದನ್ನು ಜನರ ಪಾಪ ಹೊರಿಸಿ ಅಡವಿಗೆ. ಮಹಾಯಾಜಕನ ನಾರುಮಡಿ, ಧೂಪ, ರಕ್ತ. ಇದೆಲ್ಲ ಎಂದೋ ಮುಗಿದುಹೋದ ಕಥೆ ಎಂದುಕೊಂಡಿದ್ದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಹೋತಗಳೂ ಇಲ್ಲ, ಮಹಾಯಾಜಕನೂ ಇಲ್ಲ ಎಂಬುದು ನಿಜವೇ. ಆದರೆ ಯೆಹೂದಿಗಳು ಕಥೆಯನ್ನು ಬಿಟ್ಟುಕೊಡಲಿಲ್ಲ. ಕೈಯಿಂದ ಮಾಡುತ್ತಿದ್ದುದನ್ನು ಬಾಯಿಂದ ಹಾಡತೊಡಗಿದರು. ಇಂದಿಗೂ ಆ ದಿನ ಮಧ್ಯಾಹ್ನದ ಹೊತ್ತಿಗೆ ಸಿನಗಾಗಿನಲ್ಲಿ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದಲ್ಲಿ, ಮಹಾಯಾಜಕನ ಒಂದೊಂದು ಹೆಜ್ಜೆಯನ್ನೂ ರಾಗವಾಗಿ ಹೇಳುತ್ತಾರೆ. ಅವನು ದೇವರ ಹೆಸರೆತ್ತಿದ ಜಾಗ ಬಂದಾಗ, ವರ್ಷವಿಡೀ ನಿಂತೇ ಪ್ರಾರ್ಥಿಸುವ ಗಂಡಸರು ನೆಲಕ್ಕೆ ಹಣೆ ಮುಟ್ಟಿಸುತ್ತಾರೆ.

ಉಪವಾಸದ ಮಾತಿಗೆ ಬರುತ್ತೇನೆ. ಕಾಯಿಲೆಯವರ ವಿಷಯದಲ್ಲಿ ಯೆಹೂದಿ ಶಾಸ್ತ್ರ ಎಷ್ಟು ಸೂಕ್ಷ್ಮ ಎಂದು ತಿಳಿದದ್ದು ಆಗಲೇ. ಸವ್ತಾರ ಮಗ ಔಷಧದ ಅಳತೆ ಲೋಟ ಹಿಡಿದು ಅಡುಗೆಮನೆಗೆ ಬಂದು ನನಗೆ ಪಾಠ ಮಾಡಿದರು. ಮಿಷ್ನಾ ಎಂಬ ಹಳೆಯ ಶಾಸ್ತ್ರಗ್ರಂಥದ ಯೋಮಾ ಭಾಗದ ಪ್ರಕಾರ, ಬೀಜ ಸಮೇತ ಒಂದು ದೊಡ್ಡ ಖರ್ಜೂರದಷ್ಟು ತಿಂದರೆ, ಒಂದು ಬಾಯಿ ತುಂಬುವಷ್ಟು ಕುಡಿದರೆ ಉಪವಾಸ ಮುರಿದ ದೋಷ. ಅದಕ್ಕಿಂತ ಕಡಿಮೆ ಕೊಟ್ಟು, ನಡುವೆ ಸಾಕಷ್ಟು ಬಿಡುವು ಬಿಟ್ಟರೆ ಗುಟುಕುಗಳು ಒಟ್ಟು ಸೇರುವುದಿಲ್ಲ. ಅವರ ರಬ್ಬಿ ಹೇಳಿದ ಲೆಕ್ಕ: ಸಲಕ್ಕೆ 30 ಮಿಲಿಲೀಟರ್, ನಡುವೆ ಒಂಬತ್ತು ನಿಮಿಷ. ಪೂರ್ತಿ ಲೋಟ ನೀರು ಬೇಕೇ ಬೇಕೆಂಬಷ್ಟು ಸ್ಥಿತಿ ಕೆಟ್ಟರೆ ಅಳತೆಯೂ ಬೇಡ, ಗಡಿಯಾರವೂ ಬೇಡ, ಕೊಟ್ಟುಬಿಡಬೇಕು. ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಇನ್ನೂ ಮುಂದೆ ಹೋಗುತ್ತದೆ. ಬೇಕಿಲ್ಲ ಎಂದು ನೂರು ವೈದ್ಯರು ಹೇಳಲಿ, ರೋಗಿಯೇ ಬೇಕು ಅಂದರೆ ಅವನ ಮಾತೇ ಮೇಲು. ತನ್ನ ಕಹಿ ಏನೆಂದು ಹೃದಯಕ್ಕೇ ಗೊತ್ತು ಎಂಬ ಜ್ಞಾನೋಕ್ತಿಯ ವಚನವೇ ಅದಕ್ಕೆ ಆಧಾರ. ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ನನಗೆ, ರೋಗಿಯ ಮಾತಿಗೆ ಇಷ್ಟು ಬೆಲೆ ಕೊಟ್ಟ ಶಾಸ್ತ್ರ ಇದೆ ಎಂದು ಕೇಳಿಯೇ ಸಮಾಧಾನವಾಯಿತು.

ಆದರೆ ಸವ್ತಾ ಬೇಡ ಎನ್ನುತ್ತಿದ್ದರು. ಅವರ ಹಟದ ಹಿಂದೆ ಏನಿದೆ ಎಂದು ನನಗೆ ತಿಳಿದಿತ್ತು. ಅವರು ಹುಟ್ಟಿದ್ದು ರೊಮೇನಿಯಾದ ಯಾಶಿ ಎಂಬ ನಗರದಲ್ಲಿ. 1941ರ ಜೂನ್ ಕೊನೆಯಲ್ಲಿ ಅಲ್ಲಿ ನಡೆದ ಹತ್ಯಾಕಾಂಡದಲ್ಲಿ 13,000ಕ್ಕೂ ಹೆಚ್ಚು ಯೆಹೂದಿಗಳು ಸತ್ತರು. ಸಾವಿರಾರು ಜನರನ್ನು ಗೂಡ್ಸ್ ರೈಲಿನ ಡಬ್ಬಿಗಳಿಗೆ ತುಂಬಿ, ಬಾಗಿಲು ಜಡಿದು, ಸುಡುಬಿಸಿಲಿನಲ್ಲಿ ದಿನಗಟ್ಟಲೆ ಅತ್ತಿಂದಿತ್ತ ಓಡಿಸಿದರು. ಒಳಗಿದ್ದವರು ಉಸಿರುಕಟ್ಟಿ, ನೀರಿಲ್ಲದೆ ಸತ್ತರು. ಸವ್ತಾರ ಅಪ್ಪ ಆ ರೈಲಿನಲ್ಲಿದ್ದರು. "ಅಪ್ಪನಿಗೆ ಯಾರೂ ನೀರು ಕೊಡಲಿಲ್ಲ. ವರ್ಷಕ್ಕೊಂದು ದಿನ ನಾನು ಬಿಡಲಾರೆನೇ?" ಎಂದು ಹಿಂದೊಮ್ಮೆ ಹೇಳಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರ್ 8ರ ಮಧ್ಯಾಹ್ನ ರಬ್ಬಿ ತಾವೇ ಫೋನ್ ಮಾಡಿದರು. "ನೀವು ಇವತ್ತು ನೀರು ಕುಡಿಯುವುದೇ ದೇವರ ಆಜ್ಞೆ. ಆಜ್ಞೆಗಳ ವಿಷಯದಲ್ಲಿ, ಅವುಗಳಿಂದ ಬದುಕಬೇಕು ಎಂದು ನಮ್ಮ ಧರ್ಮಗ್ರಂಥ ತೋರಾದಲ್ಲಿದೆ, ಸಾಯಬೇಕು ಎಂದಿಲ್ಲ" ಎಂದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಸವ್ತಾ "ಆಯಿತು" ಎಂದರು. ಆ ಆಯಿತಿನ ಮೇಲೆ ನನಗೆ ನಂಬಿಕೆ ಬರಲಿಲ್ಲ.

ಊರಲ್ಲಿ ಅಂದು ವಿಜಯದಶಮಿ. ಕುದ್ರೋಳಿಯ ಮೆರವಣಿಗೆಯ ಗದ್ದಲದ ವಿಡಿಯೊ ತಂಗಿ ಕಳಿಸುವ ಹೊತ್ತಿಗೆ ಇಲ್ಲಿ ರೇಡಿಯೊ, ಟಿ.ವಿ. ಎರಡೂ ನಿಂತಿದ್ದವು. ವಿಮಾನ ನಿಲ್ದಾಣ ಮುಚ್ಚಿತ್ತು. ರಸ್ತೆಯಲ್ಲಿ ಒಂದು ಕಾರಿಲ್ಲ. ಗಾಜಿನೊಳಗೆ ಸತ್ತವರ ಹೆಸರಿನ ಮೇಣದ ದೀಪಗಳನ್ನು ಹಚ್ಚಿಟ್ಟು, ಸವ್ತಾರಿಗೆ ಬಿಳಿ ಉಡುಪು ತೊಡಿಸಿ ವೀಲ್‌ಚೇರ್ ತಳ್ಳಿಕೊಂಡು ನಡುರಸ್ತೆಯಲ್ಲೇ ಹೋದೆವು. ಸುತ್ತ ಬಿಳಿ ಬಟ್ಟೆಯ ಜನ, ಕಾಲಿಗೆ ಮಾತ್ರ ಬಟ್ಟೆಯ ಬೂಟು, ರಬ್ಬರ್ ಚಪ್ಪಲಿ. ಅಂದು ಚರ್ಮದ ಪಾದರಕ್ಷೆ ಹಾಕುವಂತಿಲ್ಲ.

ಕೋಲ್ ನಿದ್ರೆ ಎಂಬ ಆರಂಭದ ಪ್ರಾರ್ಥನೆ ಸೂರ್ಯ ಮುಳುಗುವ ಮುಂಚೆ ಶುರುವಾಗಬೇಕು. ಪವಿತ್ರ ಪೆಟ್ಟಿಗೆ ತೆರೆದು ತೋರಾ ಸುರುಳಿಗಳನ್ನು ಹೊರತಂದರು. ರಾತ್ರಿ ಪ್ರಾರ್ಥನೆಗೆ ಎಲ್ಲರೂ ಶಾಲು ಹೊದೆಯುವುದು ವರ್ಷದಲ್ಲಿ ಅದೊಂದೇ ದಿನ. ಮೊದಲು ಒಂದು ಘೋಷಣೆ: ಮೇಲಿನ ನ್ಯಾಯಸ್ಥಾನದ ಮತ್ತು ಕೆಳಗಿನ ನ್ಯಾಯಸ್ಥಾನದ ಅಪ್ಪಣೆಯಿಂದ, ತಪ್ಪು ಮಾಡಿದವರ ಜೊತೆ ಸೇರಿ ಪ್ರಾರ್ಥಿಸಲು ಅನುಮತಿ ಇದೆ. ಯಾರನ್ನೂ ಹೊರಗಿಡದೆ ಆರಂಭಿಸುವ ಈ ರೀತಿ ನನಗೆ ಇಡೀ ಹಬ್ಬದಲ್ಲೇ ಬಹಳ ದೊಡ್ಡದಾಗಿ ಕಂಡಿದೆ. ಆಮೇಲೆ ಪ್ರಾರ್ಥನೆ ಹಾಡಿ ನಡೆಸುವ ಹಝಾನ್ ಮೆಲ್ಲಗೆ ಎತ್ತಿಕೊಂಡರು. ಬರೇ ಓದಿದರೆ ಕೋಲ್ ನಿದ್ರೆ ಅರಮಾಯಿಕ್ ಭಾಷೆಯ ಒಂದು ಕಾನೂನು ಪತ್ರ; ದೇವರಿಗೆ ಕೊಟ್ಟು ಉಳಿಸಿಕೊಳ್ಳಲಾಗದ ಹರಕೆಗಳೆಲ್ಲ ರದ್ದು ಎಂಬ ಒಕ್ಕಣೆ. ಅದಕ್ಕೆ ಕೂಡಿಕೊಂಡ ರಾಗ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಮತ್ತೆ ಏರುತ್ತದೆ. ಮೂರು ಸಲ ಹೇಳುತ್ತಾರೆ, ಪ್ರತಿ ಸಲ ದನಿ ಎತ್ತರಿಸಿ. ಮಾಕ್ಸ್ ಬ್ರುಖ್ ಎಂಬ ಜರ್ಮನ್ ಸಂಗೀತಗಾರ, ಪ್ರಾಟೆಸ್ಟಂಟ್ ಕ್ರೈಸ್ತ, 1880ರಲ್ಲಿ ಈ ರಾಗವನ್ನು ಚೆಲ್ಲೊ ವಾದ್ಯಕ್ಕೆ ಅಳವಡಿಸಿದ. ಅದನ್ನು ಎಷ್ಟೋ ಸಲ ಕೇಳಿದ್ದೇನೆ, ಚೆಂದವಿದೆ. ಆದರೂ ನನಗೆ ಆ ಮುದಿ ಹಝಾನರ ಒಡಕು ದನಿಯೇ ಹೆಚ್ಚು. ಮೂರನೆಯ ಸಲಕ್ಕೆ ಇಡೀ ಸಭೆ ಜೊತೆಗೂಡಿದಾಗ ಆಗುವುದು ಕಛೇರಿಯಲ್ಲಿ ಆಗಲಾರದು.

ಪಾಪ ನಿವೇದನೆಯೂ ಹಾಡೇ. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಪಾಪ, ಪ್ರತಿಯೊಂದಕ್ಕೂ ಎದೆಗೆ ಮುಷ್ಟಿಯ ಮೆಲು ತಟ್ಟು. ಎಲ್ಲವೂ ನಾವು, ನಾವು; ನಾನು ಎಂಬುದಿಲ್ಲ. ಮಕ್ಕಳೂ ಹಾಡಬಹುದಾದಷ್ಟು ಸರಳ ಧಾಟಿ, ಹಾಡಿದರು ಕೂಡ.

ಆ ರಾತ್ರಿ ಸವ್ತಾ ನಿದ್ದೆ ಹೋದರು. ಬೆಳಿಗ್ಗೆ ಮಾತ್ರೆಗೆಂದು ಒಂದು ಗುಟುಕು ನುಂಗಿ ತುಟಿ ಬಿಗಿದರು. ಮತ್ತೊಮ್ಮೆ ಲೋಟ ಹಿಡಿದೆ, ತಲೆ ಆಡಿಸಿದರು. ಸಕ್ಕರೆ ನೋಡಿದೆ, ಹೆದರುವಷ್ಟಿಲ್ಲ, ನೆಮ್ಮದಿಪಡುವಷ್ಟೂ ಇಲ್ಲ. ಸಿನಗಾಗಿಗೆ ಹೋಗಲೇಬೇಕು ಎಂದರು. ಲೋಟ, ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಯೆಶಾಯನ ಪಾಠ ನಡೆದಿತ್ತು. ನಾನು ಬಯಸಿದ ಉಪವಾಸ ತಲೆ ಬಗ್ಗಿಸಿ ಗೋಣಿತಟ್ಟು ಹಾಸುವುದೋ, ಹಸಿದವನಿಗೆ ಅನ್ನ ಹಂಚುವುದೋ ಎಂದು ಪ್ರವಾದಿಯ ಬಾಯಿಂದ ದೇವರೇ ಕೇಳುವ ಅಧ್ಯಾಯ. ಉಪವಾಸವಿದ್ದ ಜನರ ನಡುವೆಯೇ ನಿಂತು ಇದನ್ನು ಓದಲು ಎದೆಗಾರಿಕೆ ಬೇಕು. ಮುಂದೆ ಉನೆತಾನೆ ತೋಕೆಫ್ ಬಂತು. ಈ ವರ್ಷ ಯಾರು ಬದುಕುವರು, ಯಾರು ಸಾಯುವರು, ಯಾರು ನೀರಿನಿಂದ, ಯಾರು ಬೆಂಕಿಯಿಂದ ಎಂದು ಎಣಿಸುತ್ತ ಹೋಗುವ ಹಳೆಯ ಕಾವ್ಯ. ಬೇತ್ ಹಶಿಟ್ಟಾ ಎಂಬ ಕಿಬ್ಬುತ್ಸಿನ (ಒಟ್ಟಾಗಿ ದುಡಿದು ಬಾಳುವ ಹಳ್ಳಿಯ) ಹನ್ನೊಂದು ಜನ 1973ರ ಯೋಮ್ ಕಿಪ್ಪೂರ್ ಯುದ್ಧದಲ್ಲಿ ಸತ್ತರು. ಸಂಗೀತಗಾರ ಯಾಯಿರ್ ರೋಸೆನ್‌ಬ್ಲೂಮ್ 1990ರಲ್ಲಿ ಅಲ್ಲಿದ್ದಾಗ ಇದೇ ಸಾಲುಗಳಿಗೆ ಹೊಸ ರಾಗ ಕಟ್ಟಿದರು. ದೇವರಿಂದ ದೂರವೇ ಇದ್ದ ಕಿಬ್ಬುತ್ಸಿನಿಂದ ಹೊರಟ ಆ ರಾಗ ಸಿನಗಾಗುಗಳ ಒಳಗೆ ಬಂದು ಕೂತಿದೆ. ನಮ್ಮ ಹಝಾನರೂ ಅದನ್ನೇ ಹಾಡಿದರು.

ಯಾರು ಹಸಿವಿನಿಂದ, ಯಾರು ಬಾಯಾರಿಕೆಯಿಂದ. ಆ ಸಾಲಿಗೆ ಸವ್ತಾ ನನ್ನ ಮಣಿಕಟ್ಟು ಹಿಡಿದರು. ಒಣಗಿದ ಬೆರಳು, ಆದರೂ ಬಿಗಿ ಹಿಡಿತ. ಬಾಗಿಲ ಕಡೆ ಕಣ್ಣಲ್ಲೇ ತೋರಿಸಿದರು. ಅಂಗಳದ ಗೋಡೆಯ ನೆರಳಿಗೆ ಕರೆದುಕೊಂಡು ಹೋದೆ.

"ಕೊಡು ಮಗಳೇ."

ಮೂವತ್ತಕ್ಕೆ ಅಳೆದು ಕೊಟ್ಟೆ. ಕುಡಿಯುವ ಮುಂಚೆ ಅವರು ನೀರಿನ ಮೇಲಿನ ಆಶೀರ್ವಚನ ಹೇಳಿದರು. ಕುಡಿದು ಅತ್ತರು. ನಾನು ಗಡಿಯಾರ ನೋಡುತ್ತ ಕೂತೆ. ಒಂಬತ್ತು ನಿಮಿಷಕ್ಕೆ ಇನ್ನೊಂದು, ಆಮೇಲೆ ಮತ್ತೊಂದು. ಒಳಗೆ ಮಹಾಯಾಜಕನ ಕಥೆ ಮುಟ್ಟಿ ಎಲ್ಲರೂ ನೆಲಕ್ಕೆ ಬಾಗಿದ ಸದ್ದು ಕೇಳಿತು. ಸಾವಿರಾರು ವರ್ಷದ ಆ ಸೇವೆಯಲ್ಲಿ ಅಂಗಳದಲ್ಲಿ ಕೂತ ನಮ್ಮದೂ ಒಂದು ಪಾಲು ಎಂದೇ ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ನೀರು ಕುಡಿಸುವುದೇ ಆಜ್ಞೆ ಎಂದಮೇಲೆ ಲೋಟ ಹಿಡಿದ ಕೈ ಹೊರಗಿನದು ಹೇಗಾಗುತ್ತದೆ?

ಸಂಜೆಯ ಪಾಠ ಯಾಜಕಕಾಂಡ ಹದಿನೆಂಟು. ಶುರುವಾದ ಸ್ವಲ್ಪ ಹೊತ್ತಿಗೇ ಸವ್ತಾ ಮೊಣಕೈಯಿಂದ ತಿವಿದು ಪುಸ್ತಕದ ಐದನೆಯ ವಚನದ ಮೇಲೆ ಬೆರಳಿಟ್ಟರು. "ನೋಡು, ರಬ್ಬಿ ಹೇಳಿದ್ದು ಇದೇ. ಪ್ರತಿ ವರ್ಷ ಇದೇ ದಿನ ಓದಿಸುತ್ತಾರೆ." ಅವುಗಳಿಂದ ಬದುಕುವರು. ನೀರಿಲ್ಲದೆ ಬಾಯೊಣಗಿ ಕೂತ ಜನಕ್ಕೆ, ಇನ್ನು ಸ್ವಲ್ಪ ಹೊತ್ತು ಎನ್ನುವಾಗ ಈ ವಚನ ಬರುತ್ತದೆ. ನಾನು ಅದನ್ನು ಅಜ್ಜನ ಬಾಯಲ್ಲಿ ಕೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಬೆನ್ನಿಗೇ ಯೋನನ ಪುಸ್ತಕ ಪೂರ್ತಿ ಓದುತ್ತಾರೆ. ಭಾನುವಾರ ಶಾಲೆಯಲ್ಲಿ ನಮಗೆ ದೊಡ್ಡ ಮೀನಿನ ಕಥೆಯಷ್ಟೇ ಸಿಕ್ಕಿತ್ತು. ಇಲ್ಲಿ ಎಲ್ಲರ ಮೈ ನೆಟ್ಟಗಾದದ್ದು ಕೊನೆಗೆ: ಎಡ ಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಬಹಳ ದನಕರು ಇರುವ ನಿನೆವೆಯ ಮೇಲೆ ನಾನು ಕನಿಕರ ಪಡಬಾರದೇ ಎಂಬ ದೇವರ ಪ್ರಶ್ನೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ, ಯೋನ ಉತ್ತರ ಕೊಡುವುದಿಲ್ಲ. ದನಗಳನ್ನೂ ಎಣಿಸಿದ ದೇವರು ನನಗೆ ತುಂಬ ಇಷ್ಟ.

ನೆಯಿಲಾ, ಬಾಗಿಲು ಮುಚ್ಚುವ ಹೊತ್ತಿನ ಪ್ರಾರ್ಥನೆ, ಶುರುವಾದಾಗ ಪೆಟ್ಟಿಗೆ ತೆರೆದೇ ಇತ್ತು. ಆಗುವವರೆಲ್ಲ ಎದ್ದು ನಿಂತರು. ದಣಿದ ದನಿಗಳು ಎಲ್ಲಿಂದಲೋ ಬಲ ತಂದುಕೊಂಡವು. ದೇವರು ಒಬ್ಬನೇ ಎನ್ನುವ ಶೆಮಾ ವಚನ ಒಂದು ಸಲ, ಆತನ ರಾಜ್ಯದ ಮಹಿಮೆಗೆ ಸ್ತೋತ್ರ ಎಂಬ ಸಾಲು ಮೂರು ಸಲ, ಕರ್ತನೇ ದೇವರು ಎಂಬುದು ಏಳು ಸಲ, ಒಂದೊಂದೂ ಹಿಂದಿನದಕ್ಕಿಂತ ಗಟ್ಟಿಯಾಗಿ. ಎಲೀಯನ ಕಾಲದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಜನ ಕೂಗಿದ ಮಾತದು. ಸವ್ತಾ ನನ್ನ ಹೆಗಲು ಹಿಡಿದು ಎದ್ದು ನಿಂತು ಏಳೂ ಸಲ ಕೂಗಿದರು. ಟಗರುಕೊಂಬಿನ ಶೋಫಾರ್ ಒಂದೇ ಉಸಿರಿಗೆ ಉದ್ದಕ್ಕೆ ಮೊಳಗಿತು. ಹುಡುಗರು ಹಾಡುತ್ತ ಕುಣಿಯತೊಡಗಿದರು: ಬರುವ ವರ್ಷ ಜೆರುಸಲೇಮಿನಲ್ಲಿ. ಜೆರುಸಲೇಮಿನಲ್ಲೇ ನಿಂತವರು, ಮತ್ತೆ ಕಟ್ಟಲಾಗುವ ಜೆರುಸಲೇಮಿನಲ್ಲಿ ಎಂದು ಒಂದು ಪದ ಸೇರಿಸುತ್ತಾರೆ.

ಮನೆಗೆ ಬಂದು ಟೀ, ಕೇಕ್ ಮುಗಿಸಿ ಸವ್ತಾರ ಮಗ ಸುತ್ತಿಗೆ ತಂದರು. ಉಪವಾಸ ಬಿಟ್ಟ ಕೂಡಲೇ ಸುಕ್ಕಾ ಚಪ್ಪರದ ಮೊದಲ ಮೊಳೆ ಹೊಡೆಯುವುದು ಅವರ ಪದ್ಧತಿ. ಐದನೆಯ ದಿನಕ್ಕೆ ಸುಕ್ಕೋತ್ ಎಂಬ ಚಪ್ಪರದ ಹಬ್ಬ. ಹಲಗೆ ಹಿಡಿದುಕೊಂಡ ನಾನು, ನಮ್ಮೂರಲ್ಲಿ ಚಪ್ಪರಕ್ಕೆ ಮಡಲು ಹೇಗೆ ಒತ್ತಾಗಿ ಹೆಣೆಯುತ್ತಾರೆ ಎಂದು ಹೇಳಿದೆ. ಇಲ್ಲಿ ಹಾಗೆ ಮಾಡುವಂತಿಲ್ಲ, ಗರಿಗಳ ಸಂದಿಯಲ್ಲಿ ಆಕಾಶ ಕಾಣಬೇಕು ಎಂದರು. ಬಾಲ್ಕನಿಯಿಂದ ಸವ್ತಾ ಕೂಗಿ ಹೇಳಿದರು: ಎಡಗಡೆಯ ಕಂಬ ವಾಲಿದೆ, ಮತ್ತೆ ನಾಳೆ ಬೆಳಿಗ್ಗೆಯೇ ಯಾರಾದರೂ ಮಾರುಕಟ್ಟೆಗೆ ಹೋಗಿ, ತಡಮಾಡಿದರೆ ಒಳ್ಳೆಯ ತಾಳೆಗರಿ ಸಿಕ್ಕುವುದಿಲ್ಲ.