ಇಲ್ಲಿಲ್ಲದ್ದು ಅಲ್ಲಿ ಏನಿತ್ತು?

ಸಮುದ್ರ ಬೇಕೆಂದರೆ ದೇವಿಮನೆ ಘಟ್ಟ ಇಳಿದರೆ ಕುಮಟೆ. ಗುಡ್ಡ ಬೇಕೆಂದರೆ ಮನೆಯ ಹಿಂದೆಯೇ ಇದೆ. ತೆಂಗು, ಹಲಸು, ಕಾಳುಮೆಣಸು, ಉಂಬಳ ಯಾವುದಕ್ಕೂ ಬರವಿಲ್ಲ. ಹೀಗಿರುವಾಗ ಗಂಡ ಹೆಂಡತಿ ಇಬ್ಬರೇ ಬೆನ್ನಿಗೆ ಚೀಲ ಹಾಕಿಕೊಂಡು ಶ್ರೀಲಂಕಾಕ್ಕೆ ಏಕೆ ಹೋದಿರಿ, ಇಲ್ಲಿಲ್ಲದ್ದು ಅಲ್ಲಿ ಏನಿತ್ತು?

2024ರ ಮಾರ್ಚ್‌ನಲ್ಲಿ ಅಡಿಕೆ ಕೊಯ್ಲು ಮುಗಿಸಿ ಹದಿನಾಲ್ಕು ದಿನ ಹೋಗಿ ಬಂದ ಮೇಲೆ ಶಿರಸಿಯಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ, ಅಡಿಕೆ ಟೆಂಡರಿಗೆ ಹೋದಲ್ಲಿ ಇವರನ್ನು, ನನ್ನ ಗಂಡನನ್ನು, ಕೇಳಿದ್ದಾರೆ. ಗೋಕರ್ಣದ ಬಸ್ ನಿಲ್ದಾಣದಲ್ಲಿ ವಿದೇಶಿ ಜೋಡಿಯೊಂದು ದೊಡ್ಡ ಚೀಲ ಹೊತ್ತು ಇಳಿದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಅವರು ಅದಕ್ಕೆಂದೇ ಹುಟ್ಟಿದವರು. ಅದೇ ಚೀಲ ತೋಟದ ಮನೆಯವರ ಬೆನ್ನಿಗೆ ಬಂದರೆ ಮಾತ್ರ ವಿವರಣೆ ಕೊಡಬೇಕಾಗುತ್ತದೆ.

ನನ್ನ ಉತ್ತರ: ಇಲ್ಲಿಲ್ಲದ್ದು ಅಲ್ಲಿ ಬಹಳ ಏನೂ ಇರಲಿಲ್ಲ. ನನಗೆ ಆ ದೇಶ ಹಿಡಿಸಿದ್ದೇ ಅದಕ್ಕೆ. ಹಿಮ ಬೀಳುವ ಊರಿಗೆ ಹೋಗಿದ್ದರೆ ಬಾಯಿ ಬಿಟ್ಟುಕೊಂಡು ನೋಡಿ, ಫೋಟೊ ತೆಗೆದು ಬರುತ್ತಿದ್ದೆವು. ಶ್ರೀಲಂಕಾದಲ್ಲಿ ಕಂಡದ್ದಕ್ಕೆಲ್ಲ ‘ನಮ್ಮಲ್ಲಿ ಇದನ್ನು ಹೀಗೆ ಮಾಡುವುದಿಲ್ಲವಲ್ಲ’ ಎನ್ನಲು ನಮ್ಮ ಬಾಯಲ್ಲಿ ಒಂದು ಮಾತಿತ್ತು.

ಕ್ಯಾಂಡಿಯ ಮಾರುಕಟ್ಟೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಮಸಾಲೆ ಅಂಗಡಿಗಳ ಸಾಲು. ದಾಲ್ಚಿನ್ನಿಯ ಸುರುಳಿಗಳನ್ನು ತೋರಿಸಿ ಅಂಗಡಿಯವರು ಕರೆಯುತ್ತಿದ್ದರು. ಇವರು ಅದರತ್ತ ನೋಡದೆ ಮೂಲೆಯ ಒಂದು ಗೋಣಿಚೀಲದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ಕಪ್ಪಗೆ ಸುಕ್ಕುಗಟ್ಟಿದ, ಹೊಗೆಯ ವಾಸನೆಯ ಸಿಪ್ಪೆಗಳು. ಒಂದನ್ನು ಎತ್ತಿ ಮೂಸಿದರು, ತುದಿಯನ್ನು ನಾಲಿಗೆಗೆ ತಾಗಿಸಿದರು. ‘ಉಪ್ಪಾಗೆ!’ ಎಂದು ಇವರು, ‘ಗೊರಕ’ ಎಂದು ಅಂಗಡಿಯಾತ. ಎರಡೂ ಒಂದೇ ಹುಳಿಹಣ್ಣಿನ ಮರ. ಆತ ಅದನ್ನು ಮೀನಿನ ಸಾರಿಗೆ ಹಾಕುವುದೆಂದು ಕೈಸನ್ನೆ ಮಾಡಿ ತೋರಿಸಿದ. ನಾವು ಬೀಜದಿಂದ ತುಪ್ಪ ತೆಗೆದು ದೋಸೆಗೆ ಹಾಕಿಕೊಳ್ಳುತ್ತೇವೆ ಎಂದು ಹರಕು ಇಂಗ್ಲಿಷಿನಲ್ಲಿ ಇವರು ಹೇಳಿದಾಗ ಆತ ನಂಬಲಿಲ್ಲ, ಪಕ್ಕದ ಅಂಗಡಿಯವನನ್ನು ಕರೆದು ಇನ್ನೊಮ್ಮೆ ಹೇಳಿಸಿದ. ಅಡಿಕೆ ಒಲೆಯ ಹೊಗೆಯಲ್ಲಿ ಬೆಳೆದ ಇವರ ಮೂಗಿಗೆ ಅಷ್ಟು ದೊಡ್ಡ ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಅದೊಂದೇ ವಾಸನೆ. ಅರ್ಧ ಗಂಟೆ ಅಲ್ಲಿಯೇ ಕಳೆಯಿತು. ಅದೇ ಊರಿನ ಬುದ್ಧನ ದಂತ ದೇವಾಲಯದಲ್ಲಿ ನಾವು ಅಷ್ಟು ಹೊತ್ತು ನಿಂತಿರಲಿಲ್ಲ ಎಂಬುದನ್ನು ಮಾತ್ರ ಊರಿನಲ್ಲಿ ಹೇಳಿಲ್ಲ.

ಊಟದ ಮಾತು ಬಂತು. ‘ಪಾಪ, ಏನು ತಿಂದಿರೋ’ ಎಂಬುದು ಪ್ರಶ್ನೆಯ ಎರಡನೆಯ ಭಾಗ. ಅನ್ನದ ಸುತ್ತ ನಾಲ್ಕೈದು ಪಲ್ಯಗಳನ್ನು ಇಟ್ಟುಕೊಡುವ ಊಟ ಅಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ. ಅದರಲ್ಲಿ ಹಸಿರಾಗಿ ಸಣ್ಣಗೆ ಹೆಚ್ಚಿ ತೆಂಗಿನತುರಿ ಬೆರೆಸಿದ್ದು ‘ಗೊಟುಕೊಳ’. ಬಾಯಿಗಿಟ್ಟರೆ ನಮ್ಮ ಒಂದೆಲಗ! ಅವರಿಗೆ ತಂಬುಳಿ ಗೊತ್ತಿಲ್ಲ, ನಮಗೆ ಹಸಿಯಾಗಿ ಕಲಸುವುದು ಗೊತ್ತಿರಲಿಲ್ಲ. ಎಮ್ಮೆ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಕೊಟ್ಟು ಮೇಲೆ ‘ಕಿತುಲ್’ ಪಾಕ ಸುರಿಯುತ್ತಾರೆ. ಕಿತುಲ್ ಎಂದರೆ ನಮ್ಮ ಬೈನೆ ಮರ. ಜೋನಿಬೆಲ್ಲ ಹಾಕಿಕೊಂಡು ಮೊಸರು ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ತೆಂಗಿನಕಾಯಿಯ ಸಾದಾ ಚಟ್ನಿಯಂತೆ ಕಾಣುವ ‘ಪೊಲ್ ಸಂಬೋಲ’ದಲ್ಲಿ ‘ಉಂಬಲಕಡ’ ಎಂಬ ಒಣಮೀನಿನ ಚೂರು ಇರಬಹುದು. ಎರಡನೆಯ ದಿನವೇ ನಾನು ‘ಮಾಳು ಎಪಾ’ ಕಲಿತೆ, ಮೀನು ಬೇಡ ಎಂದು. ರೈಲಿನಲ್ಲಿ ವಡೆ ಮಾರಲು ಬಂದಾಗಲೂ ನೋಡಿ ಕೊಳ್ಳಬೇಕು. ಬೇಳೆಯದು ನಮ್ಮ ಚಟ್ಟಂಬಡೆಯ ಅಣ್ಣ, ಇನ್ನೊಂದರ ನೆತ್ತಿಯ ಮೇಲೆ ಇಡಿಯ ಸಿಗಡಿ ಕುಳಿತಿರುತ್ತದೆ.

ಕ್ಯಾಂಡಿಯಿಂದ ಎಲ್ಲಾ ಊರಿಗೆ (ಊರಿನ ಹೆಸರೇ ಎಲ್ಲಾ, ಇವರಿಗೆ ಅದೊಂದು ಮುಗಿಯದ ತಮಾಷೆ) ರೈಲು ಸುಮಾರು ಏಳು ಗಂಟೆ ತೆಗೆದುಕೊಂಡಿತು. ಕೊಂಕಣ ರೈಲಿನಲ್ಲಿ ಕಾರವಾರ ಕಂಡವರಿಗೆ ಸುರಂಗ, ಸೇತುವೆ ಹೊಸದಲ್ಲ. ಆದರೆ ಇದು ಪಟ್ಟಿಪೊಲ ಎಂಬಲ್ಲಿ 1800 ಮೀಟರಿಗೂ ಮೇಲೆ ಹತ್ತುತ್ತದೆ, ಕಿಟಕಿಯಿಂದ ಬರುವ ಚಳಿಗೆ ಶಾಲು ಬೇಕು. ಎರಡೂ ಕಡೆ ಚಹಾ ತೋಟ. ಎಲ್ಲರೂ ಬಾಗಿಲಿಗೆ ಜೋತುಬಿದ್ದು ಚಿತ್ರ ತೆಗೆಯುತ್ತಿದ್ದಾಗ ಇವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಈ ಗುಡ್ಡಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಾಫಿ ಬಹುಪಾಲು ಅಳಿದುಹೋಯಿತು. ಅದಕ್ಕೆ ಎರಡು ವರ್ಷ ಮೊದಲೇ ಜೇಮ್ಸ್ ಟೇಲರ್ ಎಂಬಾತ ಕ್ಯಾಂಡಿ ಸಮೀಪದ ಲೂಲೆಕಂದೆರದಲ್ಲಿ ಚಹಾ ನೆಟ್ಟಿದ್ದ. ತೋಟದ ಕೆಲಸಕ್ಕೆ ತಮಿಳುನಾಡಿನಿಂದ ಕರೆತಂದವರ ಮೊಮ್ಮಕ್ಕಳು ಇಂದಿಗೂ ಆ ಸಾಲುಮನೆಗಳಲ್ಲಿದ್ದಾರೆ. ದೇಶ ಸ್ವತಂತ್ರವಾದ 1948ರಲ್ಲೇ ಬಂದ ಕಾನೂನಿನಿಂದ ಅವರಲ್ಲಿ ಹೆಚ್ಚಿನವರು ಪೌರತ್ವವಿಲ್ಲದವರಾದರು, ಅದನ್ನು ಮರಳಿ ಪಡೆಯಲು ದಶಕಗಳು ಹಿಡಿದವು. ನಾವು ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆದು ಹೊಡೆದು, ಈಗ ಎಲೆಚುಕ್ಕಿಯನ್ನು ನೋಡುತ್ತಿರುವವರು. ‘ಒಂದೇ ಬೆಳೆ ನೆಚ್ಚಿಕೊಂಡವರ ಕಥೆ’ ಎಂದಷ್ಟೇ ಹೇಳಿ ಇವರು ‘ನಾನುಓಯ’ ನಿಲ್ದಾಣ ಬರುವವರೆಗೂ ಸುಮ್ಮನಿದ್ದರು.

ಜಗಳ ಆಗಲಿಲ್ಲವೇ ಎಂದು ನನ್ನ ಅತ್ತಿಗೆ ಗುಟ್ಟಾಗಿ ಕೇಳಿದಳು. ಆಯಿತು. ಶ್ರೀಪಾದದ ಮೆಟ್ಟಿಲುಗಳ ಮೇಲೆ, ಬೆಳಗಿನ ಜಾವ ಮೂರು ಗಂಟೆಗೆ. 2243 ಮೀಟರ್ ಎತ್ತರದ ಆ ಶಿಖರವನ್ನು ಡಿಸೆಂಬರಿನಿಂದ ಮೇ ತಿಂಗಳವರೆಗೆ ಜನರು ರಾತ್ರಿ ಹತ್ತುತ್ತಾರೆ, ಸೂರ್ಯೋದಯಕ್ಕೆ ತುದಿ ಮುಟ್ಟಬೇಕೆಂದು. ಮೇಲಿನ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಅರ್ಧಕ್ಕೆ ನನ್ನ ಮೊಣಕಾಲು ಕೈಕೊಟ್ಟಿತು. ‘ಎರಡು ಜೊತೆ ಚಪ್ಪಲಿ ಬೇಡ ಎಂದಿದ್ದೆ’ ಎಂದು ಇವರು ಚೀಲದ ಭಾರದ ಮಾತು ತೆಗೆದರು. ಚೀಲ ಕೆಳಗಿನ ಕೋಣೆಯಲ್ಲಿತ್ತು! ಮೊಣಕಾಲಿಗೂ ಚಪ್ಪಲಿಗೂ ಏನು ಸಂಬಂಧ? ಮನೆಯಲ್ಲಾದರೆ ನಾನು ಒಳಗೆ ಹೋಗುತ್ತಿದ್ದೆ, ಇವರು ತೋಟಕ್ಕೆ ಇಳಿಯುತ್ತಿದ್ದರು, ಸಂಜೆಗೆ ಮರೆತಿರುತ್ತಿತ್ತು. ಅಲ್ಲಿ ಹೋಗಲು ಇದ್ದದ್ದು ಮೇಲೆ ಅಥವಾ ಕೆಳಗೆ. ಚಹಾ ಅಂಗಡಿಯ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕುಳಿತೆವು. ಬರಿಗಾಲಿನಲ್ಲಿ ಹತ್ತುತ್ತಿದ್ದ ಮುದುಕಿಯೊಬ್ಬಳು ನಮ್ಮಿಬ್ಬರ ನಡುವೆಯೇ ಜಾಗ ಮಾಡಿಕೊಂಡು ಕುಳಿತು, ಸಿಂಹಳದಲ್ಲಿ ಏನೋ ಹೇಳಿ, ನನ್ನ ಮೊಣಕಾಲು ತಟ್ಟಿ ಎದ್ದು ಹೋದಳು. ಅವಳ ಹಿಂದೆಯೇ ನಾವೂ ಎದ್ದೆವು. ಸೂರ್ಯೋದಯ ತಪ್ಪಿತು.

ಹೋಗಬೇಕೆಂದಿರುವವರಿಗೆ ಒಂದೆರಡು ಮಾತು. ಇಡೀ ದ್ವೀಪದ ಉದ್ದ ಕಾರವಾರದಿಂದ ಬೆಂಗಳೂರಿನಷ್ಟೂ ಇಲ್ಲ. ಆದರೆ ಮಳೆಗಾಲ ಎರಡು. ದಕ್ಷಿಣ, ಪಶ್ಚಿಮ ಕರಾವಳಿಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು, ಪೂರ್ವದ ತ್ರಿಕೋನಮಲೆಯ ಕಡೆಗಾದರೆ ಮೇ ನಂತರ. ಸಿಗಿರಿಯದ ಬಂಡೆಕೋಟೆಯಂಥ ಕಡೆ ವಿದೇಶಿಯರ ಪ್ರವೇಶ ಶುಲ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ರಿಯಾಯಿತಿ ಇರುವುದರಿಂದ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಬಸ್ಸಿನ ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು, ಇವರಂತೆ ಕುಳಿತು ಎದ್ದು ನಗೆಪಾಟಲಾಗಬೇಡಿ. ಕೋಣೆ ಕಾದಿರಿಸಿದ ದಿನವೇ ಒಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ದಕ್ಷಿಣದ ಒಂದು ಕಡಲೂರಿನಲ್ಲಿ ನಮ್ಮ ಕೋಣೆಯನ್ನು ಬೇರೆಯವರಿಗೆ ಕೊಟ್ಟು, ನಮಗೆ ಜಗಲಿ ತೋರಿಸಿದ್ದರು.

ಊರಿಗೆ ಬಂದ ವಾರದಲ್ಲಿ ನಾನು ಅಲ್ಲಿಯ ‘ಪೊಲೊಸ್’ ಮಾಡಿದೆ. ಎಳೆ ಹಲಸನ್ನು ದಾಲ್ಚಿನ್ನಿ, ತೆಂಗಿನಹಾಲು ಹಾಕಿ ಬಹಳ ಹೊತ್ತು ಬೇಯಿಸುವ ಪದಾರ್ಥ, ಹುಳಿಗೆ ಗೊರಕ. ಕಳೆದ ಮಳೆಗಾಲದ ಒಣ ಉಪ್ಪಾಗೆ ಅಟ್ಟದ ಮೇಲಿತ್ತು. ಅತ್ತೆ ಎರಡು ತುತ್ತು ತಿಂದು, ಸ್ವಲ್ಪ ಯೋಚಿಸಿ ಹೇಳಿದರು: ‘ಕೂಸೇ, ಇದಕ್ಕೆ ಭರಣಿಯ ಅಮಟೆಕಾಯಿ ಹಾಕಬೇಕಿತ್ತು.’