ಪಾಪ, ಹಸಿದಿದ್ವು ಮೇಡಮ್

ಮಂಗಳವಾರ ಪೆಟ್ ಸ್ಕ್ಯಾನ್ ನೋಡಿದಾಗ ಕುಣಿದುಬಿಡೋಣ ಅನ್ನಿಸಿತ್ತು. ಹೊಸ ಔಷಧಿ ಕೊಟ್ಟ ನಾಲ್ಕೂ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಮಂಕು. ಸಕ್ಕರೆ ಎಳೆದುಕೊಳ್ಳುವ ಜಾಗ ಈ ಚಿತ್ರದಲ್ಲಿ ಬೆಳಗುತ್ತದೆ; ಗಡ್ಡೆ ಮಂಕಾದರೆ ಔಷಧಿ ಕೆಲಸ ಮಾಡಿತು ಅಂತ ಲೆಕ್ಕ. ಗೈಡ್‌ಗೆ ಫೋನ್ ಮಾಡಲು ಹೊರಟವಳು ಚಿತ್ರದಲ್ಲಿ ಎದೆಯ ಕಡೆ ನೋಡಿ ನಿಂತೆ. ಹೃದಯ ಕೆಂಡದ ಹಾಗೆ ಉರಿಯುತ್ತಿತ್ತು.

ಸ್ಕ್ಯಾನ್‌ಗೆ ಮುಂಚೆ ರಾತ್ರಿಯೆಲ್ಲ ಇಲಿಗಳನ್ನು ಉಪವಾಸ ಇಡುತ್ತೇವೆ. ಉಪವಾಸದ ಇಲಿಯ ಹೃದಯ ಹಾಗೆ ಬೆಳಗುವುದಿಲ್ಲ. ಅದು ಕೊಬ್ಬು ಸುಟ್ಟುಕೊಂಡು ಕಾಲ ಹಾಕುತ್ತದೆ.

ಅನಿಮಲ್ ಹೌಸ್‌ನಲ್ಲಿ ಇಲಿಗಳನ್ನು ನೋಡಿಕೊಳ್ಳುವ ಅಣ್ಣನ ಹತ್ತಿರ ಓಡಿದೆ.

“ಅಣ್ಣಾ, ನಿನ್ನೆ ರಾತ್ರಿ ಮೂರನೇ ಕೇಜ್‌ಗೆ ಏನಾದ್ರೂ ಹಾಕಿದ್ರಾ?”

“ಪಾಪ, ಹಸಿದಿದ್ವು ಮೇಡಮ್. ಒಂದು ಹಿಡಿ ಪೆಲೆಟ್ ಅಷ್ಟೇ.”

ಮುಚ್ಚಿಡಲಿಲ್ಲ, ಪುಣ್ಯಾತ್ಮ. ನಮ್ಮ ಲ್ಯಾಬಿನ ಕೆಲವರಾಗಿದ್ದರೆ ಬಾಯೇ ಬಿಡುತ್ತಿರಲಿಲ್ಲ.

ಬಾಲದ ರಕ್ತನಾಳಕ್ಕೆ ನಾವು ಚುಚ್ಚುವ ಎಫ್‌ಡಿಜಿ ಸಕ್ಕರೆಯ ವೇಷ ಹಾಕಿದ ವಿಕಿರಣ ವಸ್ತು. ಗಡ್ಡೆಗೆ ಸಕ್ಕರೆ ಚಪಲ ಜಾಸ್ತಿ, 1920ರ ದಶಕದಲ್ಲೇ ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ ಕಂಡುಕೊಂಡದ್ದು. ಆದರೆ ಹೊಟ್ಟೆ ತುಂಬಿದ್ದರೆ ಇನ್ಸುಲಿನ್ ಏರಿ ಹೃದಯ, ಸ್ನಾಯು ಎಲ್ಲ ಸಕ್ಕರೆಗೆ ಬಾಯಿ ತೆರೆಯುತ್ತವೆ. ರಕ್ತದಲ್ಲಿರುವ ನಿಜವಾದ ಸಕ್ಕರೆಯೂ ಪೈಪೋಟಿಗೆ ನಿಲ್ಲುತ್ತದೆ. ಗಡ್ಡೆ ಇದ್ದಷ್ಟೇ ಇರುತ್ತದೆ, ಚಿತ್ರದಲ್ಲಿ ಮಾತ್ರ ಮಂಕು. ನಾನು ಔಷಧಿ ಗೆದ್ದಿತು ಅಂತ ಬರೆದುಬಿಡುತ್ತಿದ್ದೆ! ಎಫ್‌ಡಿಜಿ 110 ನಿಮಿಷಕ್ಕೆ ಅರ್ಧ ಆಗುವ ಸರಕು, ಎತ್ತಿಡುವ ಹಾಗೂ ಇಲ್ಲ. ಆ ದಿನದ ಡೋಸ್ ದಂಡ.

ಸಿಟ್ಟು ನೆತ್ತಿಗೇರಿತ್ತು. “ಅದೊಂದೇ ಕೇಜ್‌ಗೆ ಯಾಕೆ?” ಅಂದೆ.

“ಏಸಿ ಗಾಳಿ ನೇರ ಅದರ ಮೇಲೇ ಹೊಡೀತದೆ ಮೇಡಮ್. ಒಂದಕ್ಕೊಂದು ಅಂಟ್ಕೊಂಡು ನಡುಗ್ತಾ ಇದ್ವು. ಮೈಮೇಲೆ ಕೂದಲೂ ಇಲ್ವಲ್ಲ.”

ವಾಪಸ್ ಬಂದು ಸ್ಕ್ಯಾನ್ ಇನ್ನೊಮ್ಮೆ ತೆರೆದೆ. ನಾಲ್ಕರಲ್ಲೂ ಭುಜದ ನಡುವೆ ಬೆಳಕಿನ ಪಟ್ಟೆ. ಚಳಿಗೆ ಮೈ ಬಿಸಿ ಮಾಡಿಕೊಳ್ಳಲು ಕಂದು ಕೊಬ್ಬು ಸಕ್ಕರೆ ಎಳೆದುಕೊಂಡ ಗುರುತು. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ; ಅದಕ್ಕೆ 30ರ ಹತ್ತಿರ ಬೇಕು. ನನ್ನ ಪ್ರೋಟೋಕಾಲ್‌ನಲ್ಲಿ ಉಪವಾಸಕ್ಕೆ ಒಂದು ಪುಟ ಇತ್ತು, ಚಳಿಗೆ ಒಂದು ಸಾಲೂ ಇರಲಿಲ್ಲ.

‘ಪಾಪ, ಹಸಿದಿದ್ವು’ ಅನ್ನೋ ಮಾತು ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು. ಇಲಿ ಉಣ್ಣುವುದೇ ರಾತ್ರಿ. ಒಂದು ರಾತ್ರಿ ಉಪವಾಸ ಕೆಡವಿದರೆ ಮೈತೂಕದ ಹತ್ತನೇ ಒಂದು ಪಾಲು ಇಳಿದುಹೋಗಬಹುದು. ನನ್ನ ದೊಡ್ಡಮ್ಮ ಪೆಟ್ ಸ್ಕ್ಯಾನ್‌ಗೆ ಆರು ಗಂಟೆ ಕಾಫಿ ಬಿಟ್ಟಿದ್ದಕ್ಕೇ ವಾರ್ಡ್ ತಲೆಮೇಲೆ ಹೊತ್ತುಕೊಂಡಿದ್ದರು.

ಗುರುವಾರ ಕೇಜ್ ಜಾಗ ಬದಲಿಸಿದೆವು. ಅಡಿಗೆ ಬಿಸಿ ಪ್ಯಾಡ್ ಬಂತು.

“ಹಾಗಾದ್ರೆ ರಾತ್ರಿ ಊಟ ಹಾಕಬಹುದಾ ಮೇಡಮ್?”

“ಹಾಕಿ ಅಣ್ಣ. ಬೆಳಿಗ್ಗೆ ಏಳಕ್ಕೆ ನಾನೇ ಬಂದು ತೆಗೀತೀನಿ.”